ಕೆಳಗಿನ ಐವತ್ತು

ಹೋದ ತಿಂಗಳು ಸೇಡಂನ ನಮ್ಮ ನರ್ಸಿಂಗ್ ಶಾಲೆಯಲ್ಲಿ ಮೇಡಂ ಅವರ ಬೀಳ್ಕೊಡುಗೆ ಇತ್ತು. ಹನ್ನೊಂದಕ್ಕೆ ಎಂದಿದ್ದ ಕಾರ್ಯಕ್ರಮ ಹನ್ನೊಂದೂವರೆಯಾದರೂ ಶುರುವಾಗಲಿಲ್ಲ. ನಮ್ಮ ಕಡೆ ಇದೇನೂ ಸುದ್ದಿಯಲ್ಲ. ಮುಖ್ಯ ಅತಿಥಿಗಳು ತಡವಾಗಿ ಬರುವುದು, ಮೈಕಿನವನು ಅವರಿಗಿಂತ ತಡವಾಗಿ ಬರುವುದು ರೂಢಿ. ಆದರೆ ಅವತ್ತು ಮೈಕು ಬಂದಿತ್ತು, ಅತಿಥಿಗಳೂ ಬಂದು ಕೂತು ಎರಡು ಸಲ ಗಡಿಯಾರ ನೋಡಿಕೊಂಡಿದ್ದರು. ಕಾಣೆಯಾಗಿದ್ದವರು ಬೀಳ್ಕೊಡಿಸಿಕೊಳ್ಳಬೇಕಾಗಿದ್ದ ಮೇಡಂ ಅವರೇ. ಪ್ರಿನ್ಸಿಪಾಲರು ಹೊರಗೆ ಹೋಗಿ ಬಂದರು, ಮತ್ತೆ ಹೋಗಿ ಬಂದರು. ಕೊನೆಗೆ ಮೇಡಂ ಹಿಂದಿನ ಬಾಗಿಲಿನಿಂದ ಸೆರಗಿನ ತುದಿಯಲ್ಲಿ ಬಾಯಿ ಒರೆಸಿಕೊಳ್ಳುತ್ತ ಬಂದು, ಏನೂ ಆಗದವರ ಹಾಗೆ ವೇದಿಕೆಯ ಮೇಲೆ ಕೂತರು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ನನಗೆ ಮಾತ್ರ ಕೊನೆಯಲ್ಲಿ ಗೊತ್ತಾಯಿತು. ನಾನೂ ಅದನ್ನು ಕೊನೆಯಲ್ಲೇ ಹೇಳುತ್ತೇನೆ.

ಮೇಡಂ ನಮಗೆ ನರ್ಸಿಂಗಿನ ಮೊದಲ ಪಾಠಗಳನ್ನು ಹೇಳಿಕೊಟ್ಟವರು. ಕುಳ್ಳಗಿನ ಗುಂಡನೆಯ ದೇಹ, ಬಿಳಿ ಕೋಟಿನ ಒಳಗೆ ಸದಾ ಇಳಕಲ್ ಸೀರೆ, ಕೋಟಿನ ಎದೆಗೆ ತಲೆಕೆಳಗಾಗಿ ಸಿಕ್ಕಿಸಿದ ಗಡಿಯಾರ, ಹಣೆಯ ಮೇಲೆ ವಿಭೂತಿಯ ತೆಳುವಾದ ಗೆರೆ. ಕಾಲಿಗೆ ಗಟ್ಟಿ ಹಿಮ್ಮಡಿಯ ಕಪ್ಪು ಬೂಟು. ಆ ಹಿಮ್ಮಡಿಯ ವಿಷಯ ಹೇಳದೆ ಮೇಡಂ ಅವರ ವಿಷಯ ಹೇಳಲು ಆಗುವುದಿಲ್ಲ.

ಅವರ ತವರು ಶಹಾಬಾದ. ತಂದೆ ಅಲ್ಲಿ ಪರಸಿ ಕಲ್ಲಿಗೆ ಪಾಲಿಶ್ ಹೊಡೆಯುವ ಕೆಲಸದಲ್ಲಿದ್ದರಂತೆ, ಮನೆಮನೆಗೆ ಹೋಗಿ ನೆಲಕ್ಕೆ ಕಲ್ಲು ಕೂಡಿಸುವುದನ್ನೂ ಮಾಡುತ್ತಿದ್ದರಂತೆ. ಕಲ್ಲು ಕೂಡಿಸಿದ ಮೇಲೆ ಹಿಮ್ಮಡಿಯಿಂದ ಒಂದೊಂದನ್ನೇ ಗುದ್ದಿ ನೋಡುವುದು ಆ ಕೆಲಸದ ಪದ್ಧತಿ. ಕೆಳಗೆ ಗಾರೆ ಸರಿಯಾಗಿ ತುಂಬಿದ್ದರೆ ‘ಟಣ್’ ಎನ್ನುತ್ತದೆ, ಪೊಳ್ಳು ಉಳಿದಿದ್ದರೆ ‘ಡಬ್’ ಎನ್ನುತ್ತದೆ. ಮಗಳು ನರ್ಸಾದರೂ ಆ ಹಿಮ್ಮಡಿ ಕೆಲಸ ಬಿಡಲಿಲ್ಲ. ನಮ್ಮ ಪ್ರಾಕ್ಟಿಕಲ್ ಹಾಲಿನ ನೆಲವೂ ಶಹಾಬಾದದ ಕಲ್ಲಿನದೇ. ಅದರಲ್ಲಿ ಯಾವ ಕಲ್ಲು ಗಟ್ಟಿ, ಯಾವ ಕಲ್ಲು ಪೊಳ್ಳು ಎನ್ನುವುದು ಮೇಡಂಗೆ ಬಾಯಿಪಾಠ. ನಾವು ಸರಿಯಾದ ಉತ್ತರ ಹೇಳಿದರೆ ಗಟ್ಟಿ ಕಲ್ಲಿನ ಮೇಲೆ ಗುದ್ದುತ್ತಿದ್ದರು. ಪುಸ್ತಕದ್ದನ್ನು ಗಿಳಿಯ ಹಾಗೆ ಒಪ್ಪಿಸಿದರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಪೊಳ್ಳು ಕಲ್ಲಿನ ಮೇಲೆ ಡಬ್ ಎನಿಸುತ್ತಿದ್ದರು. ಮೇಡಂ ಪಕ್ಕಕ್ಕೆ ಸರಿಯಲು ಶುರು ಮಾಡಿದರೆ ಸಾಕು, ಉತ್ತರ ಹೇಳುತ್ತಿದ್ದವರು ಅರ್ಧಕ್ಕೇ ಪುಸ್ತಕದ ಮಾತು ಬಿಟ್ಟು ಸ್ವಂತ ಮಾತಿಗೆ ಬರುತ್ತಿದ್ದರು.

ಮೊದಲ ದಿನ ಕ್ಲಾಸಿಗೆ ಬಂದವರೇ, “ನಿಮಗೆಲ್ಲ ಎಷ್ಟೆಷ್ಟು ಮಾರ್ಕ್ಸ್ ಬೇಕಾಗ್ಯಾವ ಹೇಳ್ರಿ,” ಎಂದು ಕೇಳಿದರು.

ಮುಂದಿನ ಬೆಂಚಿನಿಂದ ತೊಂಬತ್ತು, ತೊಂಬತ್ತೈದು ಎಂಬ ದನಿಗಳು ಎದ್ದವು. ನನ್ನ ಸರದಿ ಬಂದಾಗ, “ಎಷ್ಟ್ ಕೊಟ್ರೂ ನಡೀತದ್ರಿ ಮೇಡಂ,” ಎಂದೆ. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ.

“ನನಗ ಐವತ್ತು ಸಾಕು,” ಎಂದರು. “ನೂರಕ್ಕ ಐವತ್ತು ತಗೊಂಡ್ರ ಪಾಸ್ ಅಂತ ಮ್ಯಾಲಿನವರು ಬರದಾರ, ನಂದೇನೂ ತಕರಾರಿಲ್ಲ. ಆದ್ರ ಯಾವ ಐವತ್ತು ಅನ್ನೋದು ನಾ ಹೇಳ್ತೀನಿ.”

ಬೋರ್ಡಿನ ನಡುವೆ ಅಡ್ಡಗೆರೆ ಎಳೆದರು. ಕೆಳಗಿನ ಅರ್ಧದಲ್ಲಿ ಬರೆದದ್ದು ಇಷ್ಟೇ: ಕೈ ತೊಳಿ. ಹೆಸರು ಕೇಳು. ಔಷಧದ ಮ್ಯಾಲ ಏನು ಬರದದ ಓದು. ಪೇಶಂಟಿನ ಮುಖ ನೋಡು. ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನು. ಮೇಲಿನ ಅರ್ಧವನ್ನು ಖಾಲಿ ಬಿಟ್ಟರು.

“ಇದು ಕೆಳಗಿನ ಐವತ್ತು. ಇದರಾಗ ಒಂದು ತಪ್ಪಿದ್ರೂ ನನ್ನ ಕಡಿ ಫೇಲ್. ಮ್ಯಾಲಿನ ಐವತ್ತು ಪಾಲಿಶ್ ಇದ್ದಂಗ. ಅದು ನಿಮ್ಮ ನಿಮ್ಮ ಶಕ್ತಿ. ಹೊಡ್ಕೊಂಡವರು ಹೊಡ್ಕೋರಿ.”

ಇಷ್ಟು ಸುಲಭವೇ ಎಂದು ನಮಗೆಲ್ಲ ಭಾರಿ ಸಮಾಧಾನವಾಯಿತು. ಕೈ ತೊಳೆಯಲು, ಹೆಸರು ಕೇಳಲು ಯಾರಿಗೆ ಬರುವುದಿಲ್ಲ? ಆ ಸಮಾಧಾನ ಮೊದಲ ಆಂತರಿಕ ಪರೀಕ್ಷೆಯವರೆಗೆ ಮಾತ್ರ ಇತ್ತು.

ನಮ್ಮ ಶಾಲೆಯಲ್ಲಿ ಪ್ರಾಕ್ಟಿಕಲ್ಲಿಗೆಂದು ಒಂದು ರಬ್ಬರಿನ ಗೊಂಬೆ ಇತ್ತು. ಅದರ ಬಲಗೈ ಭುಜದಿಂದ ಕಳಚಿಕೊಳ್ಳುತ್ತಿತ್ತು. ಮೇಡಂಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. “ಅದಕ್ಕ ನೋವಾಗಂಗಿಲ್ಲ, ನಾಚಿಕಿ ಆಗಂಗಿಲ್ಲ. ಅದು ನಿಮಗೇನು ಮಾರ್ಕ್ಸ್ ಕೊಡ್ತದ?” ಎನ್ನುತ್ತ ಅದನ್ನು ಎತ್ತಿ ಕುರ್ಚಿಯಲ್ಲಿ ಕೂಡಿಸಿ, ಮಂಚದ ಮೇಲೆ ತಾವೇ ಮಲಗುತ್ತಿದ್ದರು. ಮಲಗಿದ ಕ್ಷಣಕ್ಕೆ ಮೇಡಂ ಮಾಯವಾಗುತ್ತಿದ್ದರು. ಒಂದು ದಿನ ಆಡಕಿ ಊರಿನ ಮುದುಕಿ. ಏನು ಕೇಳಿದರೂ ಸೊಸೆಯ ಕಥೆಯಿಂದಲೇ ಉತ್ತರ. ಇನ್ನೊಂದು ದಿನ ವಾಡಿಯ ಸಿಮೆಂಟ್ ಕೆಲಸದ ಕಾಕಾ. ಕೆಮ್ಮುತ್ತ ಕೆಮ್ಮುತ್ತಲೇ ತನಗೆ ಕೆಮ್ಮಿಲ್ಲ ಎಂದು ವಾದ ಮಾಡುವವನು. ಮತ್ತೊಂದು ದಿನ ಚಿಂಚೋಳಿಯ ಕಡೆಯ ಬಸುರಿ. ಅರ್ಧ ಕನ್ನಡ, ಅರ್ಧ ತೆಲುಗು, ನಡುವೆ ಸಿಟ್ಟು. ಯಾವ ವೇಷದಲ್ಲಿದ್ದರೂ ಒಂದು ಮಾತ್ರ ಅವರದೇ ಆಗಿ ಉಳಿಯುತ್ತಿತ್ತು. ನಾವು ಏನಾದರೂ ತಪ್ಪು ಮಾಡಿದರೆ ಎಡ ಹುಬ್ಬು ತಾನಾಗಿ ಮೇಲೇಳುತ್ತಿತ್ತು. ಮುದುಕಿ ನರಳುತ್ತಿರುವಾಗಲೂ ಹುಬ್ಬು ಮಾತ್ರ ಡ್ಯೂಟಿಯ ಮೇಲಿರುತ್ತಿತ್ತು.

ನಮ್ಮ ಕ್ಲಾಸಿನ ಮೊದಲ ಸ್ಥಾನದ ಹುಡುಗಿ ಚಿತ್ತಾಪುರದವಳು. ತಂದೆಯದು ಬಟ್ಟೆ ಅಂಗಡಿ. ಪುಸ್ತಕದ ಯಾವ ಪುಟದಲ್ಲಿ ಏನಿದೆ ಎಂದು ಕಣ್ಣು ಮುಚ್ಚಿ ಹೇಳುವವಳು. ಆಂತರಿಕ ಪರೀಕ್ಷೆಯಲ್ಲಿ ಅವಳಿಗೆ ಬಂದದ್ದು, ಶರಣಮ್ಮ ಎಂಬ ಪೇಶಂಟಿಗೆ ಗುಳಿಗೆ ಕೊಡುವ ಕೆಲಸ. ಅವಳು ನೇರವಾಗಿ ಮೇಡಂ ಮಲಗಿದ್ದ ಮಂಚಕ್ಕೆ ಹೋಗಿ, “ಶರಣಮ್ಮನವರ, ಗುಳಿಗಿ ತಗೋರಿ,” ಎಂದಳು. ಮುದುಕಿ ತಗೊಂಡಳು, ಆಶೀರ್ವಾದವನ್ನೂ ಮಾಡಿದಳು. ಆಗ ಪಕ್ಕದ ಮಂಚದಲ್ಲಿ ಹೊದ್ದು ಮಲಗಿದ್ದ ನಮ್ಮದೇ ಕ್ಲಾಸಿನವಳು ಮುಸುಕು ತೆಗೆದು, “ಯವ್ವಾ, ಶರಣಮ್ಮ ನಾನೂ ಅದೀನಲ್ಲ. ನನ್ನ ಗುಳಿಗಿ ಅಕಿಗ್ಯಾಕ ಕೊಟ್ಟಿ?” ಎಂದಳು. ಒಬ್ಬ ಶರಣಮ್ಮ ಆಡಕಿಯವಳು, ಇನ್ನೊಬ್ಬಳು ಕಾಳಗಿಯವಳು. ನಮ್ಮ ಭಾಗದ ಯಾವುದೇ ವಾರ್ಡಿಗೆ ಹೋಗಿ ಶರಣಮ್ಮ ಎಂದು ಕೂಗಿದರೆ ಮೂವರು ತಲೆ ಎತ್ತುತ್ತಾರೆ. ಪೂರ್ತಿ ಹೆಸರು ಕೇಳಬೇಕು, ಗಂಡನದೋ ತಂದೆಯದೋ ಹೆಸರು ಕೇಳಬೇಕು, ಊರು ಕೇಳಬೇಕು. ಮೊದಲ ಸ್ಥಾನದವಳು ಫೇಲಾದಳು.

ಮರುದಿನ ಅವಳ ತಂದೆ ಬಂದರು. “ಎಂಬತ್ತರ ಕೆಳಗ ಎಂದೂ ತಗೊಂಡಾಕಿ ಅಲ್ರಿ ನಮ್ಮ ಹುಡುಗಿ. ಫೇಲ್ ಹ್ಯಾಂಗ ಆಗ್ತಾಳ್ರಿ?” ಎಂದು ದನಿ ಏರಿಸಿದರು. ಮೇಡಂ ಅವರನ್ನು ಕೂಡಿಸಿ ಚಹಾ ಕುಡಿಸಿ, ಹಾಲಿಗೆ ಕರೆದುಕೊಂಡು ಹೋದರು.

“ನಿಮ್ಮ ಅಂಗಡಿಗೆ ಪರಸಿ ಹಾಕಿಸೀರಿಲ್ಲ?”

“ಹೂಂರಿ, ಹೋದ ವರ್ಷನ ಹಾಕಿಸೀನಿ.”

“ಹಂಗಾದ್ರ ಈ ಕಲ್ಲು ನೋಡ್ರಿ. ಹ್ಯಾಂಗದ?”

ಅಂಗಡಿಯವರು ಬಗ್ಗಿ ನೋಡಿದರು. ಚೆನ್ನಾಗಿ ಹೊಳೆಯುತ್ತಿತ್ತು. ಆಮೇಲೆ ಅಭ್ಯಾಸಬಲದಿಂದ ತಾವೇ ಹಿಮ್ಮಡಿಯಿಂದ ಗುದ್ದಿದರು. ಡಬ್ ಎಂದಿತು. “ಇದು ಪೊಳ್ಳದ್ರಿ ಮೇಡಂ. ಯಾವನು ಹಾಕ್ಯಾನ? ಕಿತ್ತಿ ಮತ್ತ ಕೂಡಸ್ರಿ,” ಎಂದರು.

“ಅದನ ಮಾಡಲಿಕತ್ತೀನ್ರಿ. ಮೂರು ವಾರ ಟೈಮ್ ಕೊಡ್ರಿ,” ಎಂದರು ಮೇಡಂ.

ಅಂಗಡಿಯವರು ಚಿತ್ತಾಪುರದ ಗಾಡಿ ಹತ್ತಿದರು. ಆ ಹುಡುಗಿ ಈಗ ದೊಡ್ಡ ಆಸ್ಪತ್ರೆಯಲ್ಲಿದ್ದಾಳೆ. ಇವತ್ತಿಗೂ ಯಾರಾದರೂ ಹೊಸಬರು ಪರಿಚಯವಾದರೆ ಹೆಸರು, ತಂದೆಯ ಹೆಸರು, ಊರು ಮೂರನ್ನೂ ಒಂದೇ ಉಸಿರಿಗೆ ಕೇಳುತ್ತಾಳೆ. ಜನ ಸಂಬಂಧ ಕುದುರಿಸಲು ಬಂದವಳು ಎಂದುಕೊಳ್ಳುತ್ತಾರೆ.

ಇನ್ನು ನನ್ನ ಕಥೆ. ನಾನು ವಾಡಿಯವಳು. ಸ್ಟೇಷನ್ನಿನ ಎದುರು ಅಪ್ಪನ ಚಹಾದ ಅಂಗಡಿ. ಜಂಕ್ಷನ್ನಿನ ಎದುರು ಬದುಕಿದ ಮನುಷ್ಯನಿಗೆ ಎಲ್ಲ ವಿಷಯವೂ ರೈಲಿನ ಹಾಗೆಯೇ ಕಾಣುತ್ತದೆ. ನಾವು ಇಬ್ಬರು ಹೆಣ್ಣುಮಕ್ಕಳು, ಇಬ್ಬರಿಗೂ ನರ್ಸಿಂಗ್ ಓದುವ ಆಸೆ. ಅಪ್ಪ ತೀರ್ಪು ಕೊಟ್ಟಿದ್ದ: “ಮುಂದಿನ ಗಾಡಿ ಪ್ಲಾಟ್‌ಫಾರ್ಮ್ ಬಿಟ್ಟ ಮ್ಯಾಲ ಹಿಂದಿನದಕ್ಕ ಸಿಗ್ನಲ್.” ನಾನು ಪಾಸಾಗಿ ಹೊರಗೆ ಬರಬೇಕು, ಆಮೇಲೆ ತಂಗಿಯ ಅಡ್ಮಿಷನ್. ಅವಳು ಪಿಯುಸಿ ಮುಗಿಸಿ ಮನೆಯಲ್ಲಿ ಕೂತು ನನ್ನ ಫಲಿತಾಂಶ ಕಾಯುತ್ತಿದ್ದಳು. ನಾನೋ, ಪ್ಲಾಟ್‌ಫಾರ್ಮಿನಲ್ಲೇ ಕೆಟ್ಟು ನಿಂತೆ. ಕೊನೆಯ ವರ್ಷದ ಬರೆಯುವ ಪರೀಕ್ಷೆಗಳೆಲ್ಲ ಹೇಗೋ ದಾಟಿದವು. ಪ್ರಾಕ್ಟಿಕಲ್ಲಿನಲ್ಲಿ ನಲವತ್ತೆಂಟು ಬಂತು.

ಆಗಿದ್ದು ಬಿಪಿ ನೋಡುವುದರಲ್ಲಿ. ಗಾಬರಿಯಲ್ಲಿ ನನ್ನ ಕಿವಿಗೆ ಒಂದು ಸಪ್ಪಳವೂ ಬೀಳಲಿಲ್ಲ. “ನೂರಿಪ್ಪತ್ತು, ಎಂಬತ್ತು,” ಎಂದೆ. ಹೊಸ ನರ್ಸುಗಳ ಕಿವಿಗೆ ಏನೂ ಕೇಳಿಸದಿದ್ದಾಗ ಭೂಮಿಯ ಮೇಲಿನ ಎಲ್ಲರ ಬಿಪಿಯೂ ಇಷ್ಟೇ ಇರುತ್ತದೆ. ಮಂಚದ ಮೇಲಿದ್ದ ಮುದುಕಿ, “ಖರೇನ ಕೇಳಿಸ್ತೇನಬೇ ನಿನಗ?” ಎಂದಳು. “ಹೂಂರಿ,” ಎಂದೆ. ಮೇಡಂ ಎದ್ದು ಬೂಟು ಹಾಕಿಕೊಂಡು, ನಡೆದು ಹೋಗಿ, ಪೊಳ್ಳು ಕಲ್ಲಿನ ಮೇಲೆ ಡಬ್ ಎನಿಸಿದರು.

ಫಲಿತಾಂಶ ಬಂದ ದಿನ ಸ್ಟಾಫ್ ರೂಮಿನ ಬಾಗಿಲಿಗೆ ಹೋಗಿ ಅತ್ತೆ. “ಎರಡ ಎರಡು ಮಾರ್ಕ್ಸ್ ರೀ ಮೇಡಂ. ಮನಿಯಾಗ ತಂಗಿ ಕಾಯಲಿಕತ್ತಾಳ್ರಿ.”

ಮೇಡಂ ನನ್ನನ್ನು ಎದುರು ಕೂಡಿಸಿಕೊಂಡರು. “ಎರಡ್ಯಾಕ, ಹತ್ತು ಕೊಟ್ಟೇನು. ನನ್ನ ಮನಿ ಗಂಟೇನು ಹೋಗ್ತದ? ಆದ್ರ ನಾಳಿ ಒಬ್ಬ ಮುದುಕಿ ನಿನ್ನ ಮುಂದ ಕೈ ಚಾಚ್ತಾಳ. ಅಕಿ ಬಿಪಿ ಇನ್ನೂರಿದ್ರೂ ನೀ ಮನಸಿನಾಗಿಂದ ನೂರಿಪ್ಪತ್ತು ಬರೀತಿ. ಆ ಮುದುಕಿಗಿ ಎರಡು ಮಾರ್ಕ್ಸ್ ನಾ ಎಲ್ಲಿಂದ ತಂದು ಕೊಡ್ಲಿ?” ಎಂದರು. ಆಮೇಲೆ ತಮ್ಮ ಡಬ್ಬಿಯಿಂದ ಅರ್ಧ ಜೋಳದ ರೊಟ್ಟಿ, ಶೇಂಗಾದ ಹಿಂಡಿ ಎನ್ನುವ ಚಟ್ನಿಪುಡಿ ನನ್ನ ಕೈಗೆ ಹಾಕಿ, “ಅಳೋದು ಮುಗಿದ ಮ್ಯಾಲ ತಿನ್ನು. ಸಂಜಿಗಿ ಬಾ,” ಎಂದರು.

ಆ ಸಂಜೆಯಿಂದ ಸೇಡಂ ಊರಿನ ಬಿಪಿಯೆಲ್ಲ ನನ್ನ ಕೈಗೆ ಬಂತು. ಮೇಡಂ ನನ್ನನ್ನು ಕರೆದುಕೊಂಡು ಹೊರಟರೆಂದರೆ ದಾರಿಯಲ್ಲಿ ಸಿಕ್ಕವರಿಗೆ ಬಿಡುಗಡೆ ಇರಲಿಲ್ಲ. ಶಾಲೆಯ ವಾಚ್‌ಮನ್, ಮಿರ್ಚಿ ಭಜಿ ಕರಿಯುವ ಕಾಕಿ, ಆಟೋ ಚಾಚಾ, ಯಾರನ್ನು ಕಂಡರೂ “ಸ್ವಲ್ಪ ಕೈ ಕೊಡ್ರಿ, ನಮ್ಮ ಹುಡುಗಿ ಕಲಿಯಲಿಕತ್ತಾಳ,” ಎನ್ನುತ್ತಿದ್ದರು. ನಾನು ಕೈ ತೊಳೆದು, ಹೆಸರು, ತಂದೆಯ ಹೆಸರು, ಊರು ಕೇಳಿ ತೋಳಿಗೆ ಬಿಪಿ ಪಟ್ಟಿ ಕಟ್ಟಬೇಕು. ಆಟೋ ಚಾಚಾ ಪ್ರತಿ ಸಂಜೆಯೂ ಅದೇ ಉತ್ತರ ಹೇಳಿ ಹೇಳಿ ಬೇಸತ್ತು, “ಬೇಟೀ, ನಿನ್ನಿಗಿ ಇದ್ದ ಅಪ್ಪನ ಇವತ್ತೂ ಅದಾನಬೇ,” ಎಂದು ಗೊಣಗುತ್ತಿದ್ದರು. ಕೊನೆಗೆ ನಾವು ಬರುವುದನ್ನು ಕಂಡರೆ ಭಜಿ ಅಂಗಡಿಯಲ್ಲಿ ಜನ ಕಡಿಮೆಯಾಗತೊಡಗಿದರು. ಆದರೆ ನನ್ನ ಕಿವಿ ತೆರೆಯಿತು. ಒಂದು ಸಂಜೆ, “ಮೇಡಂ, ಕಾಕಿದು ಏನೂ ಕೇಳಸ್ವಲ್ದು, ಮತ್ತೊಮ್ಮೆ ನೋಡ್ತೀನ್ರಿ,” ಎಂದೆ. ಅಲ್ಲಿ ಕಲ್ಲಿನ ನೆಲವಿರಲಿಲ್ಲ, ಬರೀ ಮಣ್ಣು. ಆದರೂ ಮೇಡಂ ಹಿಮ್ಮಡಿಯಿಂದ ಗುದ್ದಿ, ಟಣ್ ಎಂದು ಬಾಯಿಂದಲೇ ಹೇಳಿದರು.

ಎರಡನೆಯ ಸಲದ ಪರೀಕ್ಷೆ ಶ್ರಾವಣದ ಒಂದು ಸೋಮವಾರ ಬಂತು. ಹೊರಗಿನಿಂದ ಬಂದ ಪರೀಕ್ಷಕರು ಒಬ್ಬ ಹಿರಿಯ ಸರ್. ಬಲು ಸೌಮ್ಯ, ಚಹಾ ಎಂದರೆ ಪ್ರಾಣ, ಸಕ್ಕರೆ ಮಾತ್ರ ಬೇರೆ ಬಟ್ಟಲಲ್ಲಿ ಬರಬೇಕು. ಮೇಡಂ ಎಂದಿನಂತೆ ಗೊಂಬೆಯನ್ನು ಕುರ್ಚಿಗೆ ಕಳಿಸಿ, ತಾವು ಆಡಕಿಯ ಮುದುಕಿಯಾಗಿ ಮಂಚ ಹತ್ತಿದರು. ಬೆಳಗ್ಗೆ ತಂಗಿ ಫೋನಿನಲ್ಲಿ, “ಅಕ್ಕಾ, ಈ ಸಲ ಲೈನ್ ಖಾಲಿ ಮಾಡಬೇ. ಹಿಂದ ನಾ ನಿಂತೀನಿ,” ಎಂದಿದ್ದಳು. ಆ ಮಾತು ಕಿವಿಯಲ್ಲಿ ಕೂತಿತ್ತು. ಈ ಸಲವೂ ಐವತ್ತು ಮುಟ್ಟದಿದ್ದರೆ ನನ್ನದಷ್ಟೇ ಅಲ್ಲ, ಅವಳದೂ ಒಂದು ವರ್ಷ ಹೋಗುತ್ತಿತ್ತು.

ಕೈ ತೊಳೆದೆ. ಹೆಸರು ಕೇಳಿದೆ, ಮುದುಕಿ ಸರಿಯಾಗಿ ಹೇಳಿದಳು. ಪಟ್ಟಿ ಕಟ್ಟುವಾಗ ಅವಸರದಲ್ಲಿ ಅದನ್ನು ತಲೆಕೆಳಗಾಗಿ ಸುತ್ತಿಬಿಟ್ಟೆ. ಕೊಳವೆ ಕೆಳಗೆ ಬರುವ ಬದಲು ಭುಜದ ಕಡೆ ಹೋಗಿತ್ತು. ತಪ್ಪಿದೆ ಎಂದು ನನಗೇ ಹೊಳೆದು, ರೂಢಿಯಂತೆ ಮೊದಲು ನೋಡಿದ್ದು ಮೇಡಂ ಅವರ ಹುಬ್ಬನ್ನು.

ಹುಬ್ಬು ಏಳಲಿಲ್ಲ.

ಇದು ಆಗುವ ಮಾತಲ್ಲ. ನಾನು ಪಟ್ಟಿಯನ್ನು ಇನ್ನಷ್ಟು ಮೇಲೆ ಸರಿಸಿ ನೋಡಿದೆ. ಆಗಲೂ ಏಳಲಿಲ್ಲ. ಆಗ ಮುಖವನ್ನೇ ನೋಡಿದೆ. ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದರೂ ಮೇಲ್ದುಟಿಯ ಮೇಲೆ ಬೆವರು ಹನಿಗಟ್ಟಿತ್ತು. ಕೈ ಮುಟ್ಟಿದರೆ ತಣ್ಣಗೆ, ಒದ್ದೆ. “ಅಜ್ಜಿ, ಹ್ಯಾಂಗನಸ್ತದ್ರಿ?” ಎಂದೆ.

“ಗಾಡಿ... ಗಾಡಿ ಬಂತೇನು? ಕಲ್ಲು ಇಳಸ್ರಿ,” ಎಂದು ತೊದಲಿದರು.

ಆಡಕಿಯ ಮುದುಕಿಗೆ ಗಾಡಿಯೂ ಗೊತ್ತಿಲ್ಲ, ಕಲ್ಲೂ ಗೊತ್ತಿಲ್ಲ. ಅವಳಿಗೆ ಗೊತ್ತಿದ್ದದ್ದು ಸೊಸೆ ಒಬ್ಬಳೇ. ಕಲ್ಲಿನ ಮಾತು ಮೇಡಂ ಅವರದು, ದಿನಾ ಶುಗರಿನ ಗುಳಿಗೆ ನುಂಗುವವರೂ ಮೇಡಂ ಅವರೇ. ಹಿಂದಿನಿಂದ ಪರೀಕ್ಷಕರು ಖುಷಿಯಿಂದ, “ವಾ ವಾ ಮೇಡಂ, ಏನ್ ಆಕ್ಟಿಂಗ್ ಮಾಡ್ತೀರಿ!” ಎಂದರು. ಬಾಗಿಲಲ್ಲಿ ನಿಂತಿದ್ದ ನಮ್ಮ ಹುಡುಗಿಯರೂ ಕಿಸಕ್ಕನೆ ನಕ್ಕರು.

“ಇದು ಆಕ್ಟಿಂಗ್ ಅಲ್ರೀ ಸರ್! ಶುಗರ್ ಇಳದದ!” ಎಂದು ಕೂಗಿದೆ. ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೂ ಗೊತ್ತಿರಲಿಲ್ಲ. ಪಟ್ಟಿ ಬಿಚ್ಚಿ ಎಸೆದು, ಮೇಡಂ ಬೆನ್ನಿಗೆ ದಿಂಬು ಕೊಟ್ಟು ಎತ್ತಿ ಕೂಡಿಸಿದೆ. ಪರೀಕ್ಷಕರ ಟ್ರೇಯಿಂದ ಸಕ್ಕರೆ ಬಟ್ಟಲು ಎತ್ತಿಕೊಂಡು, ಅವರದೇ ನೀರಿನ ಲೋಟಕ್ಕೆ ಸುರಿದು ಕಲಕಿದೆ. ಮೊದಲು ಒಂದೇ ಹನಿಯಷ್ಟು ತುಟಿಗೆ ಹಿಡಿದು, “ನುಂಗ್ರಿ ಮೇಡಂ,” ಎಂದೆ. ನುಂಗಿದರು. ಗುಟುಕು ಗುಟುಕಾಗಿ ಕುಡಿಸಿದೆ. ಅಷ್ಟರಲ್ಲಿ, ನನ್ನ ಪರೀಕ್ಷೆ ನೋಡಲು ಬಂದಿದ್ದ ಚಿತ್ತಾಪುರದವಳು ಪಕ್ಕದ ಆಸ್ಪತ್ರೆಯ ವಾರ್ಡಿಗೆ ಓಡಿ ಶುಗರ್ ನೋಡುವ ಮಶೀನು ತಂದಿದ್ದಳು, ಹಿಂದೆಯೇ ಡಾಕ್ಟರನ್ನೂ ಕರೆದಿದ್ದಳು. ಬೆರಳಿಗೆ ಚುಚ್ಚಿ ನೋಡಿದರೆ ನಲವತ್ತೆಂಟು.

ಸ್ವಲ್ಪ ಹೊತ್ತಿಗೆ ಮೇಡಂ ಮುಖಕ್ಕೆ ಬಣ್ಣ ಮರಳಿತು. ಕಣ್ಣರಳಿಸಿ ಸುತ್ತ ನೋಡಿದರು. ಮಂಚದ ಮೇಲೆ ಬಿದ್ದಿದ್ದ ಪಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು. ಎಡ ಹುಬ್ಬು ನಿಧಾನವಾಗಿ ಮೇಲೆದ್ದಿತು. ನನಗೆ ಆಗ ಅಳು ಬಂತು. ಆ ಹುಬ್ಬು ಎದ್ದದ್ದನ್ನು ಕಂಡು ಅಷ್ಟು ಸಂತೋಷಪಟ್ಟ ವಿದ್ಯಾರ್ಥಿನಿ ಆ ಶಾಲೆಯಲ್ಲಿ ಬೇರೊಬ್ಬಳಿಲ್ಲ.

“ಎಷ್ಟ್ ಬಂತು ಶುಗರ್?” ಎಂದು ಕೇಳಿದರು.

“ನಲವತ್ತೆಂಟು ರೀ.”

“ನಲವತ್ತೆಂಟು? ಹಂಗಾದ್ರ ಫೇಲ್,” ಎಂದರು ಮೇಡಂ. ನನಗೇ ಹೇಳಿದರೆಂದುಕೊಂಡೆ. ಅವರು ಪರೀಕ್ಷಕರ ಕಡೆ ತಿರುಗಿದರು. “ನನಗ ಹೇಳಲಿಕತ್ತೀನ್ರಿ ಸರ್. ಸೋಮವಾರದ ಉಪವಾಸ ಹಿಡದು ಶುಗರ್ ಗುಳಿಗಿ ನುಂಗಿ ಬಂದೀನಿ. ಊಟಿಲ್ದ ಈ ಗುಳಿಗಿ ತಗೋಬ್ಯಾಡ್ರಿ ಅಂತ ಇದ ಹಾಲಿನಾಗ ಎಷ್ಟ್ ವರ್ಷದಿಂದ ಬಡಕೊಂಡೀನಿ. ಕೆಳಗಿನ ಐವತ್ತರಾಗ ಇವತ್ತ ಫೇಲಾದಾಕಿ ನಾ.”

ತಮ್ಮ ವಿದ್ಯಾರ್ಥಿಗಳ ಎದುರು, ಹೊರಗಿನ ಪರೀಕ್ಷಕರ ಎದುರು ಹೀಗೆ ಹೇಳುವ ಗುರುಗಳನ್ನು ನಾವ್ಯಾರೂ ಅಲ್ಲಿಯತನಕ ನೋಡಿರಲಿಲ್ಲ. ಅದಾದ ಮೇಲೂ ನಾನು ನೋಡಿಲ್ಲ.

ಪರೀಕ್ಷಕರಿಗೆ ತಾವು ಆಕ್ಟಿಂಗ್ ಎಂದು ಚಪ್ಪಾಳೆ ತಟ್ಟಲು ಹೊರಟಿದ್ದರ ಸಂಕೋಚ. “ಇದರಕಿಂತ ಏನ್ ಪ್ರಾಕ್ಟಿಕಲ್ ಬೇಕ್ರಿ ಮೇಡಂ? ಹುಡುಗಿಗಿ ತೊಂಬತ್ತು ಹಾಕೋಣು,” ಎಂದರು. ನನ್ನ ಕಣ್ಣ ಮುಂದೆ ವಾಡಿ ಸ್ಟೇಷನ್ನಿನ ಸಿಗ್ನಲ್ಲು ಹಸಿರಾಗಿ ಹೊಳೆಯಿತು.

“ಬ್ಯಾಡ್ರಿ ಸರ್,” ಎಂದರು ಮೇಡಂ.

ಹಸಿರು ಆರಿತು.

“ಪ್ರಶ್ನಿ ಬಿಪಿದು. ಬಿಪಿ ಅಕಿ ನೋಡೇ ಇಲ್ಲ, ಪಟ್ಟಿ ಉಲ್ಟಾ ಕಟ್ಯಾಳ. ನನ್ನ ಜೀವ ಉಳಿಸಿದ್ಲು ಅಂತ ಮಾರ್ಕ್ಸ್ ಹಾಕಿದ್ರ ಅದು ಲಂಚ ಆಗ್ತದ. ಲಂಚ ಕೊಟ್ಟ ಹೆಸರು ನನಗ ಬ್ಯಾಡ, ತಗೊಂಡ ಹೆಸರು ಅಕಿಗಿ ಬ್ಯಾಡ. ನಾ ಊಟ ಮಾಡ್ತೀನಿ. ಆಮ್ಯಾಲ ಅಕಿ ಮತ್ತ ಮಾಡ್ಲಿ. ಇಷ್ಟಕ್ಕ ನೀವು ಒಪ್ಪಬೇಕು.”

ಅವರು ಒಪ್ಪಿದರು. ಮೇಡಂ ಉಪವಾಸ ಮುರಿದು, ಹಾಸ್ಟೆಲಿನ ಅಡುಗೆಯಾಕೆ ತಂದ ಅನ್ನ ಸಾರು ಉಂಡು, ಮತ್ತೆ ಮಂಚ ಹತ್ತಿದರು. ಈ ಸಲ ಮುದುಕಿಯೂ ಇಲ್ಲ, ಕಾಕಾನೂ ಇಲ್ಲ. ಮೇಡಂ ಮೇಡಂ ಆಗಿಯೇ ಮಲಗಿದರು. ನಾನು ಕೈ ತೊಳೆದೆ. “ನಿಮ್ಮ ಹೆಸರು ಹೇಳ್ರಿ,” ಎಂದೆ. ಅವರು ತಮ್ಮ ಹೆಸರು, ತಂದೆಯ ಹೆಸರು, ಊರು ಶಹಾಬಾದ ಎಂದು ಹೇಳಿದರು. ಪಟ್ಟಿ ಕಟ್ಟಿ ಹುಬ್ಬು ನೋಡಿದೆ, ಸುಮ್ಮನಿತ್ತು. ಮೊದಲ ಸಲ ಗಾಳಿ ಇಳಿಸುವಾಗ ಹೊರಗೆ ಟ್ರ್ಯಾಕ್ಟರ್ ಹೋಯಿತು. “ಸರಿಯಾಗಿ ಕೇಳಿಸಲಿಲ್ರಿ, ಮತ್ತೊಮ್ಮೆ ನೋಡ್ತೀನಿ,” ಎಂದೆ. ಎರಡನೆಯ ಸಲ ಕೇಳಿಸಿತು. ಅವರ ಬಿಪಿ ನೂರಿಪ್ಪತ್ತು ಎಂಬತ್ತು ಅಲ್ಲವೇ ಅಲ್ಲ, ಅದಕ್ಕಿಂತ ಸಾಕಷ್ಟು ಮೇಲಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೇಡಂ ಬರಿಗಾಲಲ್ಲೇ ಮಂಚದಿಂದ ಇಳಿದು ಗಟ್ಟಿ ಕಲ್ಲಿನ ಮೇಲೆ ಗುದ್ದಿದರು. ಬರಿಗಾಲಿಗೆ ಕಲ್ಲು ಸಪ್ಪಳ ಮಾಡಲಿಲ್ಲ. ನನಗಂತೂ ಕೇಳಿಸಿತು.

ಫಲಿತಾಂಶದಲ್ಲಿ ನನಗೆ ಐವತ್ತೊಂದು ಬಂದಿತ್ತು. ಓಡಿಹೋಗಿ ಕಾಲಿಗೆ ಬಿದ್ದೆ. “ಮ್ಯಾಲಿನ ಒಂದು ಯಾಕ್ರಿ ಮೇಡಂ?” ಎಂದು ತಮಾಷೆ ಮಾಡಿದೆ. “ಅದು ನಂದಲ್ಲ. ಆ ಸರ್ ಕೇಳಲಿಲ್ಲ, ಹಾಕಿಬಿಟ್ರು,” ಎಂದರು, ಒಂದು ಮಾರ್ಕಿನ ದುಂದುವೆಚ್ಚಕ್ಕೆ ಇನ್ನೂ ಬೇಸರವಿದ್ದವರಂತೆ. ಆ ಸಂಜೆ ಅಪ್ಪ ಅಂಗಡಿಗೆ ಬಂದವರಿಗೆಲ್ಲ ಚಹಾದ ದುಡ್ಡು ತಗೊಳ್ಳಲಿಲ್ಲ. ತಂಗಿ ಆಗಲೇ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಳು.

ಈಗ ನಾನು ಚಿಂಚೋಳಿಯ ಕಡೆಯ ಒಂದು ಆಸ್ಪತ್ರೆಯಲ್ಲಿದ್ದೇನೆ. ತಂಗಿಯೂ ಮೇಡಂ ಅವರ ಕೈಯಲ್ಲೇ ಕಲಿತು ಪಾಸಾದಳು. ಅವಳದು ಎಂಬತ್ತರ ಮೇಲೆ, ಅದನ್ನು ನನಗೆ ವಾರಕ್ಕೊಮ್ಮೆಯಾದರೂ ನೆನಪಿಸುತ್ತಾಳೆ. ಕೆಲಸದಲ್ಲಿ ಎಷ್ಟೋ ಸಲ ಗಡಿಬಿಡಿ ಆಗುತ್ತದೆ, ಒಂದೇ ಹೊತ್ತಿಗೆ ನಾಲ್ಕು ಕಡೆ ಕರೆಯುತ್ತಾರೆ. ಆಗ ಮೇಲಿನ ಐವತ್ತು ಏನಿತ್ತೆಂದು ನನಗೆ ನೆನಪಾಗುವುದಿಲ್ಲ. ಕೆಳಗಿನದು ಕೈಗೆ ತಾನಾಗಿ ಬರುತ್ತದೆ. ಅದಕ್ಕಾಗಿ ನಾನು ಮೇಡಂಗೆ ಋಣಿ ಎಂದು ನೇರವಾಗಿ ಹೇಳಲು ನನಗೇನೂ ನಾಚಿಕೆಯಿಲ್ಲ.

ಬೀಳ್ಕೊಡುಗೆಯ ದಿನ ವೇದಿಕೆಯ ಮೇಲೆ ಭಾಷಣಗಳಾದವು. ಅದೇ ಹಾಲು, ವೇದಿಕೆ ಎಂದರೆ ಅದೇ ಕಲ್ಲಿನ ನೆಲದ ಮೇಲಿಟ್ಟ ಕುರ್ಚಿಗಳ ಸಾಲು, ಮೂಲೆಯಲ್ಲಿ ಅದೇ ಒಂಟಿಕೈ ಗೊಂಬೆ. ಒಬ್ಬ ಗಣ್ಯರು ಮೇಡಂ ಅವರನ್ನು ತ್ಯಾಗದ ಮೂರ್ತಿ, ಕರುಣೆಯ ಸಾಗರ ಎಂದು ವರ್ಣಿಸತೊಡಗಿದಾಗ ಮೇಡಂ ತಮ್ಮ ಕುರ್ಚಿಯನ್ನು ಮೆಲ್ಲಗೆ ಪಕ್ಕಕ್ಕೆ ಎಳೆದುಕೊಂಡರು. ಯಾವ ಕಲ್ಲಿನ ಕಡೆ ಹೊರಟಿದ್ದಾರೆಂದು ಹಳೆಯ ವಿದ್ಯಾರ್ಥಿನಿಯರಿಗೆಲ್ಲ ಗೊತ್ತಾಯಿತು. ಡಬ್ ಎಂದಿತು. ಗಣ್ಯರು ಮೈಕಿನ ತೊಂದರೆ ಇರಬೇಕೆಂದು ಮೈಕನ್ನು ತಟ್ಟಿ ನೋಡಿ ಮುಂದುವರಿಸಿದರು. ನಾವು ಕರವಸ್ತ್ರ ಬಾಯಿಗೆ ಅಡ್ಡ ಹಿಡಿದು ಕೂತೆವು.

ಎಲ್ಲ ಮುಗಿದು ಜನ ಊಟಕ್ಕೆ ಎದ್ದ ಮೇಲೆ ಮೇಡಂ ನನ್ನನ್ನು ಕೈಸನ್ನೆ ಮಾಡಿ ಕರೆದರು. ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು, ಕೋಟಿಲ್ಲದ ಅವರನ್ನು ನೋಡಿದ್ದು ಅದೇ ಮೊದಲು.

“ಆ ಸೋಮವಾರದ್ದು ನನ್ನದೊಂದು ಸಪ್ಲಿಮೆಂಟರಿ ಬಾಕಿ ಉಳದದಲ್ಲಬೇ,” ಎಂದರು. “ನಾಳಿಯಿಂದ ನಿಮ್ಮ ಕಡಿ ಪೇಶಂಟ್ ನಾ. ಇವತ್ತ ಮುಗಿಸಿಬಿಡು.”

ನಾನು ಎದುರಿನ ಕುರ್ಚಿ ಎಳೆದುಕೊಂಡು ಕೂತೆ.

“ನಿಮ್ಮ ಹೆಸರು ಹೇಳ್ರಿ,” ಎಂದೆ.

ಹೆಸರು, ತಂದೆಯ ಹೆಸರು, ಊರು, ಒಂದೂ ಬಿಡದೆ ಹೇಳಿದರು.

“ಬೆಳಗ್ಗಿ ಶುಗರ್ ಗುಳಿಗಿ ತಗೊಂಡ್ರಿ?”

“ತಗೊಂಡೀನ್ರಿ ಸಿಸ್ಟರ್.”

“ಊಟ?”

ಮೇಡಂ ಚೀಲದಿಂದ ಖಾಲಿ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ ನನ್ನ ಮೂಗಿನ ಕೆಳಗೆ ಹಿಡಿದರು. ಶೇಂಗಾದ ಹಿಂಡಿಯ ವಾಸನೆ ಇನ್ನೂ ಇತ್ತು. “ಎರಡು ರೊಟ್ಟಿ. ಸ್ಟೋರ್ ರೂಮಿನಾಗ ಕುಂತು, ಬಾಗಿಲು ಹಾಕ್ಕೊಂಡು, ಸಾವಕಾಶ ತಿಂದು ಬಂದೀನಿ. ಮುಖ್ಯ ಅತಿಥಿ ಕಾದ್ರೇನಾತು? ಅವರಿಗಿ ಶುಗರ್ ಇಲ್ಲ.”

ನಾನು ಎದ್ದು, ಎರಡು ಹೆಜ್ಜೆ ನಡೆದು, ಗಟ್ಟಿ ಕಲ್ಲು ಹುಡುಕಿ, ಹಿಮ್ಮಡಿಯ ಶಕ್ತಿಯೆಲ್ಲ ಹಾಕಿ ಗುದ್ದಿದೆ. ಟಣ್ ಎಂದಿತು. ಊಟದ ಸಾಲಿನಲ್ಲಿದ್ದವರು ತಿರುಗಿ ನೋಡಿದರು.

“ಪಾಸ್ ರೀ ಮೇಡಂ.”

“ಎಷ್ಟು?”

“ಐವತ್ತು.”

“ಬರೋಬರಿ ಅದ,” ಎಂದರು ಮೇಡಂ, ಡಬ್ಬಿಯ ಮುಚ್ಚಳ ಹಾಕುತ್ತ. “ಒಂದೂ ಹೆಚ್ಚಿಗಿ ಹಾಕಬ್ಯಾಡ.”